ದಾರಿಗೆ ಬಡ್ತಿ, ದಾರಿಹೋಕರಿಗೆ ಹಿಂಬಡ್ತಿ

ಬಡ್ತಿ ಬಂದವರು ಹಳೆಯ ನೆಂಟರನ್ನು ಮರೆಯುತ್ತಾರೆಂದು ನಾವು ಆಡಿಕೊಳ್ಳುತ್ತೇವೆ. ರಸ್ತೆಗಳೂ ಅದಕ್ಕೆ ಹೊರತಲ್ಲ. ನಾನು ಮಕ್ಕಳಿಗೆ ಸಮಾಜ ಪಾಠ ಹೇಳತೊಡಗಿದಾಗ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ ಹಾದು ಬಂಟ್ವಾಳಕ್ಕೆ ಹೋಗುವ ದಾರಿ ರಾಜ್ಯ ಹೆದ್ದಾರಿ 88. ಬೆಂಗಳೂರು-ಮೈಸೂರು ದಾರಿ ರಾಜ್ಯ ಹೆದ್ದಾರಿ 17. ಇಂದು ಎರಡೂ ಸೇರಿ ರಾಷ್ಟ್ರೀಯ ಹೆದ್ದಾರಿ 275. ಹಳೆಯ ಅಂಕಿಗಳು ಮಕ್ಕಳಿಗೆ ಗೊತ್ತೇ ಇಲ್ಲ.

ಅಂಕಿ ಹೋದರೆ ಯಾರ ಗಂಟು ಹೋಯಿತು ಎಂದು ನೀವು ಕೇಳಬಹುದು. ಅಂಕಿಯ ಹಿಂದೆ ಅಧಿಕಾರವಿದೆ. ಊರ ನಡುವಿನ ದಾರಿ ನಮ್ಮದಾಗಿದ್ದಾಗ ಬಸ್ಸು ಅಂಗಡಿ ಬಾಗಿಲಲ್ಲೇ ನಿಲ್ಲುತ್ತಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರು ಬರುವಂತಿಲ್ಲ. ಅವು ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು. ಚನ್ನಪಟ್ಟಣದ ಬೊಂಬೆ ಅಂಗಡಿಗಳೂ ಮದ್ದೂರಿನ ವಡೆಯ ಹೋಟೆಲುಗಳೂ ಬೈಪಾಸಿನಾಚೆ ಉಳಿದು, ವ್ಯಾಪಾರ ಬಿತ್ತೆಂದು ಗೋಳಾಡಿದವು.

ವೇಗ ಬೇಡವೆಂದು ನಾನು ಹೇಳುತ್ತಿಲ್ಲ. ಹೆರಿಗೆ ನೋವಿನವಳನ್ನು ಮೈಸೂರಿಗೆ ಒಯ್ಯುವಾಗ ವೇಗವೇ ದೇವರು. ಆದರೆ ಕಾರಿನವನಿಗೆ ಉಳಿದ ಒಂದು ಗಂಟೆಗಾಗಿ, ಹೂವಿನ ಬುಟ್ಟಿ ಹೊತ್ತವಳು ಆಚೆ ಬದಿಯ ಬಸ್ಸಿಗೆ ಅರ್ಧ ಮೈಲಿ ಸುತ್ತಬೇಕೇಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲದ ಪ್ರಯಾಣ. ಒಳ್ಳೆಯದೇ. ಆದರೆ ಬಸ್ಸು ಊರೊಳಗೆ ಬಾರದೆ ಬೈಪಾಸಿನಲ್ಲೇ ಹಾರಿ ಹೋದರೆ, ಆ ಚೀಟಿಯನ್ನು ಉಪ್ಪಿನಕಾಯಿಯಂತೆ ನೆಕ್ಕಿಕೊಂಡು ಕೂರಬೇಕೇ?

ನಮ್ಮ ಸರಗೂರು ಸೀಮೆಯವರಿಗೆ ದಾರಿ ಕಳೆದುಕೊಳ್ಳುವುದು ಹೊಸದಲ್ಲ. 1974ರಲ್ಲಿ ಕಬಿನಿ ಜಲಾಶಯ ಮುಗಿದಾಗ ಊರುಗಳ ಜೊತೆ ಅವನ್ನು ಕೂಡಿಸುತ್ತಿದ್ದ ದಾರಿಗಳೂ ಮುಳುಗಿದವು. ಹೆಣ್ಣುಮಕ್ಕಳ ತವರಿನ ದಾರಿ ಅವು. ಇನ್ನು ನಾಗರಹೊಳೆ ಕಾಡಿನೊಳಗೆ ಹಾಯುವ ಮೈಸೂರು-ಮಾನಂದವಾಡಿ ರಸ್ತೆಗೆ 2008ರಿಂದ ರಾತ್ರಿ ಬೀಗ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆನೆ, ಜಿಂಕೆಗಳು ನಿರ್ಭಯವಾಗಿ ದಾಟಲೆಂದು. ಇದು ಸರಿಯಾದ ಕ್ರಮ, ನಾನು ಮಕ್ಕಳಿಗೂ ಹಾಗೆಯೇ ಹೇಳುತ್ತೇನೆ. ಆದರೆ ಆನೆ ದಾಟುವುದನ್ನು ಯೋಚಿಸಬಲ್ಲ ಸರ್ಕಾರಕ್ಕೆ ಅಜ್ಜಿ ದಾಟುವುದನ್ನು ಯೋಚಿಸಲು ಆಗದೇ?

ಹೊಸ ಹೆದ್ದಾರಿಯ ನಕ್ಷೆಗೆ ಸಹಿ ಬೀಳುವ ಮೊದಲೇ ಹಳೆಯ ರಸ್ತೆಯನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ ಎಂದು ಬರೆದಿರಬೇಕು. ಶಾಲೆಯಿರುವಲ್ಲಿ ಮಕ್ಕಳು ದಾಟಲು ದಾರಿ ಬೇಕು. ನಿಲ್ದಾಣಕ್ಕೆ ಸೂರೂ ದೀಪವೂ ಬೇಕು. ಬಸ್ಸು ಊರೊಳಗೆ ಬರಬೇಕು. ಗ್ರಾಮಸಭೆಯಲ್ಲಿ ಇದನ್ನು ಗಂಡಸರು ಕೇಳುತ್ತಾರೆಂದು ಕಾಯಬೇಡಿ, ಅವರಲ್ಲಿ ಹೆಚ್ಚಿನವರಿಗೆ ಬೈಕಿದೆ. ಬಸ್ಸಿಗೆ ಕಾಯುವವರು ನಾವು. ಕೇಳಬೇಕಾದವರೂ ನಾವೇ.