ನಾಮಿನಿ ಯಾರಂತ ಕೇಳೂದು ಅಪಶಕುನ ಅಲ್ಲ

"ನಿಮ್ಮ ಪಿಎಫ್‌ಗೆ ನಾಮಿನಿ ಯಾರನ್ನ ಹಾಕೀರಿ?" ಅಂತ ಮನ್ಯಾಗ ಕೇಳಿ ನೋಡ್ರಿ. "ಯಾಕ, ನಾ ಸಾಯೂದ ಕಾಯಾಕತ್ತಿ ಏನು?" ಅಂತ ಗಂಡ ಸಿಟ್ಟಾಗತಾನ. ಅತ್ತಿ ಕಿವಿಗೆ ಬಿದ್ರಂತೂ ಸಂಜಿಮಟ ಅದ ಮಾತು. ಅದಕ್ಕ ನಾವು ಸುಮ್ನ ಆಗಿಬಿಡತೇವಿ. ಲಗ್ನಪತ್ರಿಕಾದಾಗ ಯಾರ ಹೆಸರು ಬಿಟ್ಟೈತಿ ಅಂತ ನಾಕು ಸಲ ನೋಡೂ ನಾವು, ಈ ಕಾಗದ ಒಮ್ಮೆರ ನೋಡಬೇಕೋ ಬ್ಯಾಡೋ? ನೋಡಬೇಕು ಅಂತೇನಿ ನಾನು. ಯಾಕಂದ್ರ ಹೋದವರ ಹಿಂದ ಉಳಿದವರ ಬಾಳೆ ಈ ಒಂದು ಹೆಸರಿನ ಮ್ಯಾಲ ನಿಂತಿರತೈತಿ.

ಇದು ಬರೇ ಗಂಡಸರ ಕಾಗದ ಅಂತ ತಿಳಕೋಬ್ಯಾಡ್ರಿ. ಉಗಾರ, ಅಥಣಿ, ರಾಯಬಾಗ ಕಡೆ ಸಕ್ಕರಿ ಫ್ಯಾಕ್ಟರಿ ಪಗಾರದವರು ಅದಾರ ಖರೆ, ಆದ್ರ ನಿಪ್ಪಾಣ್ಯಾಗ ಬೀಡಿ ಕಟ್ಟೂ ಅಕ್ಕ-ತಂಗ್ಯಾರೂ ಅದಾರ. ಬೀಡಿ ಕೆಲಸಕ್ಕ ಪಿಎಫ್ ಕಾಯ್ದೆ ಬಂದದ್ದು 1977ರಾಗ. ಮನ್ಯಾಗ ಕುಂತು ಕಟ್ಟೋರಿಗೂ ಅದು ಅನ್ವಯಿಸತೈತಿ ಅಂತ 1985ರಾಗ ಸುಪ್ರೀಂ ಕೋರ್ಟು ಹೇಳಿತು.

ಈಗ ಕಾಯ್ದೆ ನೋಡ್ರಿ. ಹುಡುಗ ಲಗ್ನಕ್ಕಿಂತ ಮೊದಲ ಕೆಲಸಕ್ಕ ಸೇರಿದಾಗ ಅಣ್ಣನ ಹೆಸರು ಬರಸಿರತಾನ. ಲಗ್ನ ಆಗಿ ಕುಟುಂಬ ಆದಮ್ಯಾಲ ಆ ನಾಮಿನೇಷನ್ ನಡಿಯೂದಿಲ್ಲ, ಹೊಸದಾಗಿ ಬರಸಬೇಕು. ಕುಟುಂಬ ಇದ್ದವರು ಕುಟುಂಬದವರನ್ನ ಅಷ್ಟ ಬರಸಬೇಕು.

ಬರಸದ ಬಿಟ್ರ? ಪಿಎಫ್ ರೊಕ್ಕ ಕುಟುಂಬದವರಿಗೆ ಸಮ ಪಾಲು ಆಗತೈತಿ. ಆದ್ರ ಬ್ಯಾರೆ ಹಕ್ಕಿನವರು ಇದ್ರ, ವಯಸ್ಸಿಗೆ ಬಂದ ಗಂಡಮಕ್ಕಳಿಗೆ ಪಾಲಿಲ್ಲ, ಗಂಡ ಬದುಕಿರೂ ಮಗಳಿಗೂ ಪಾಲಿಲ್ಲ. ಒಂದು ಮನಿ ಲೆಕ್ಕ ಹಾಕ್ರಿ. ಅವ್ವ ಬೀಡಿ ಕಟ್ಟಿ ಕೂಡಿಸ್ಯಾಳ, ಅಪ್ಪ ಕುಡದು ಹಾಳ ಮಾಡತಾನ, ಬಾಜೂ ಓಣ್ಯಾಗ ಕೊಟ್ಟ ಮಗಳು ದಿನಾ ಬಂದು ಅವ್ವನ್ನ ನೋಡತಾಳ. ಹೆಸರು ಬರಸದ ಅವ್ವ ಹೋದ್ಲಂದ್ರ ರೊಕ್ಕ ಅಪ್ಪಗ. ಮಗಳ ಹೆಸರು ಬರಸಿದ್ರ ಮಗಳಿಗೆ. ಕೊಟ್ಟ ಹೆಣ್ಣು ಹೊರಗಿನಾಕಿ ಅನ್ನೂ ಈ ನೇಮ ನನಗ ಸೇರೂದಿಲ್ಲ. ಆದ್ರ ಅದನ್ನ ದಾಟೂ ಹಾದಿ ಕಾಯ್ದ್ಯಾಗ ಐತಿ: ಒಂದು ಹೆಸರು, ಒಂದು ಸಹಿ.

ಪಿಂಚಣಿ ಬ್ಯಾರೆ ಲೆಕ್ಕ. ಪಿಎಫ್‌ಗೆ ನಾಮಿನಿ ಯಾರರ ಇರಲಿ, ವಿಧವಾ ಪಿಂಚಣಿ ಹೆಂಡತಿಗೇ ಬರತೈತಿ, ಜೋಡಿ ಇಬ್ಬರು ಮಕ್ಕಳಿಗೆ 25 ವರ್ಷದತನಕ. ಕಡಿಮ್ಯಂದ್ರ ತಿಂಗಳಿಗೆ 1000 ರೂಪಾಯಿ, 2014ರಿಂದ ಅಷ್ಟ. ಗ್ಯಾಸ್ ಸಿಲಿಂಡರಿಗೇ ಮುಗಿಯೂ ರೊಕ್ಕ, ಆದರೂ ಹಕ್ಕಿನ ರೊಕ್ಕ. ನೌಕರ್‍ಯಾಗ ಇದ್ದಾಗ ತೀರಿದ್ರ ವಿಮಾನೂ ಐತಿ, 7 ಲಕ್ಷದತನಕ. ಪಿಎಫ್‌ಗೆ ಫಾರ್ಮ್ 20, ಪಿಂಚಣಿಗೆ 10-ಡಿ, ವಿಮಾಕ್ಕ 5-ಐಎಫ್. ಪಿಎಫ್ ಒಂದ ತಗೊಂಡು ಉಳದೆರಡು ಬಿಟ್ಟು ಬರಬ್ಯಾಡ್ರಿ. ಮೂರು ವರ್ಷದಾಗ ಕೇಳದಿದ್ರ ಪಿಎಫ್ ಖಾತೆಗೆ ಬಡ್ಡೀನೂ ನಿಲ್ಲತೈತಿ. ಮತ್ತ ತೀರಿದವರ ಮೊಬೈಲಿಗೆ ಓಟಿಪಿ ತರಿಸಿ ಅವರ ಹೆಸರಿಲೇ ರೊಕ್ಕ ತಗೀತೇನಿ ಅನ್ನೋರ ಮಾತು ಕೇಳಬ್ಯಾಡ್ರಿ, ಅದು ಸುಳ್ಳು ಅರ್ಜಿ ಆಗತೈತಿ.

"ನಿನ್ನ ಖಾತೆಗೆ ಬಂದ್ರ ಟ್ಯಾಕ್ಸ್ ಬೀಳತೈತಿ, ನನ್ನ ಖಾತೆಗೆ ಹಾಕಸು" ಅಂತ ಭಾವ-ಮೈದುನ ಯಾರರ ಹೇಳತಾರ. ಅಂಜಬ್ಯಾಡ್ರಿ. ನಮ್ಮ ದೇಶದಾಗ ಆಸ್ತಿ ಬಂದದ್ದಕ್ಕ ಟ್ಯಾಕ್ಸ್ 1985ರಾಗ ಹೋತು. ತೀರಿದವರ ಪಿಎಫ್ ರೊಕ್ಕ ನಾಮಿನಿಗೆ ಬಂದ್ರ ಟ್ಯಾಕ್ಸ್ ಇಲ್ಲ. ಎನ್‌ಪಿಎಸ್‌ನಾಗಿನ ರೊಕ್ಕ ನಾಮಿನಿಗೆ ಇಡಿಗಂಟು ಬಂದ್ರೂ ಇಲ್ಲ. ಆ ರೊಕ್ಕ ಬ್ಯಾಂಕಿನ್ಯಾಗ ಇಟ್ಟ ಮ್ಯಾಲ ಬರೂ ಬಡ್ಡಿ ಮಾತ್ರ ನಿಮ್ಮ ಆದಾಯ. ಕುಟುಂಬ ಪಿಂಚಣೀನೂ ಆದಾಯದಾಗ ಬರತೈತಿ, ಆದ್ರ ಅದರಾಗ ಮೂರನೇ ಒಂದು ಪಾಲು ಇಲ್ಲಾ 15,000 ರೂಪಾಯಿ, ಹೊಸ ಪದ್ಧತ್ಯಾಗ 25,000, ಯಾವುದು ಕಡಿಮಿ ಅದನ್ನ ಬಿಡತಾರ. ತಿಂಗಳಿಗೆ ಸಾವಿರ ಎರಡು ಸಾವಿರ ಅಷ್ಟ ಬರೂ ಹೆಣ್ಣಮಗಳಿಗೆ ಟ್ಯಾಕ್ಸಿನ ಮಾತ ಇಲ್ಲ.

ಅತ್ತಿ ಅಂಜಿಕಿನೂ ಸುಳ್ಳಲ್ಲ. "ಸೊಸಿ ಎಲ್ಲಾ ತಗೊಂಡು ತವರಿಗೆ ಹೋದ್ರ ನನ್ನ ಗತಿ?" ಅಂತ ಆಕಿ ಕೇಳೂದು ನ್ಯಾಯ. ಅದಕ್ಕ ಜಗಳಾ ಬ್ಯಾಡ. ಮಗನ ಮ್ಯಾಲ ನಡಿಯೂ ತಾಯಿನೂ ಕಾಯ್ದ್ಯಾಗ ಕುಟುಂಬನ. ಹೆಂಡತಿಗೆ ಅರವತ್ತು, ತಾಯಿಗೆ ನಾಲ್ವತ್ತು ಪಾಲು ಅಂತ ಬರಸಾಕ ಬರತೈತಿ. ಇದ್ದಾಗ ಎಲ್ಲಾರ ಮುಂದ ಬರಸಿದ್ರ, ಹದಿಮೂರನೇ ದಿನಕ್ಕ ಅಂಗಳದಾಗ ಬಾಯಿ ಮಾಡೂದು ತಪ್ಪತೈತಿ.

ಮಾಡೂದು ಭಾಳ ಇಲ್ರೆವಾ. ಯುಎಎನ್ ನಂಬರ ಒಂದು ವಹ್ಯಾಗ ಬರದಿಡ್ರಿ. ಆಧಾರದಾಗಿನ ಹೆಸರು, ಪಿಎಫ್‌ನಾಗಿನ ಹೆಸರು ಒಂದ ಐತೇನು ನೋಡ್ರಿ. ಮೊಬೈಲ್ ತಿಳಿಯೂ ಮಗನ್ನೋ ಮಗಳನ್ನೋ ಕೂಡಿಸಿಕೊಂಡು ಇ-ನಾಮಿನೇಷನ್ ಮಾಡಸ್ರಿ. ಹೆಸರು, ಫೋಟೋ ಹಾಕಿ ಅಲ್ಲೇ ಬಿಡಬ್ಯಾಡ್ರಿ, ಕೊನೀಗೆ ಇ-ಸಹಿ ಆದ್ರ ಅಷ್ಟ ಅದು ಪಕ್ಕಾ. ನಿಮ್ಮ ಹೆಸರಿನ ಖಾತೆ ಇದ್ರ ಮೊದಲ ಅದನ್ನ ಮಾಡ್ರಿ. ಆಮ್ಯಾಲ ಗಂಡನ್ನ ಕೇಳಾಕ ನಿಮಗೂ ಬಾಯಿ ಬರತೈತಿ.