ಮೆಗಾವಾಟ್ ಲೆಕ್ಕವೊಂದೇ ಸಾಲದು
ಇಂಧನ ಖಾತೆಯ ಸಚಿವರನ್ನು ಅವರು ತಮ್ಮ ಜಿಲ್ಲೆಗೆ ತಂದ ಮೆಗಾವಾಟ್‌ಗಳಿಂದಲೇ ಅಳೆಯಬೇಕೆಂಬ ಲೇಖನವೊಂದರ ವಾದವನ್ನು ಒಪ್ಪಲಾರೆ. ನಮ್ಮ ಬೀದರ್ ಜಿಲ್ಲೆಯ ಔರಾದಿನ ಭಗವಂತ ಖೂಬಾ 2021ರ ಜುಲೈನಿಂದ 2024ರ ಜೂನ್‌ವರೆಗೆ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದರು. ಆಗ ಆ ಖಾತೆಯ ಸಂಪುಟ ದರ್ಜೆ ಆರ್.ಕೆ. ಸಿಂಗ್ ಅವರದಾಗಿತ್ತು. ಗುರುಗ್ರಾಮದ ಸೌರಶಕ್ತಿ ಸಂಸ್ಥೆ, ಚೆನ್ನೈನ ಪವನಶಕ್ತಿ ಸಂಸ್ಥೆ, ಪಂಜಾಬಿನ ಕಪೂರ್ತಲಾದ ಜೈವಿಕ ಇಂಧನ ಸಂಸ್ಥೆ ಆ ಇಲಾಖೆಯವೇ. ಆ ಲೇಖನದಲ್ಲಿ ಇವುಗಳ ಹೆಸರೇ ಇಲ್ಲ!

ಇವುಗಳಲ್ಲಿ ನಮಗೆ ಬೇಕಾದದ್ದು ಕಪೂರ್ತಲಾದ ಸಂಸ್ಥೆ. ಭಾಲ್ಕಿಯ ಕಬ್ಬಿನ ರವದಿ, ಔರಾದಿನ ತೊಗರಿ ಕಟ್ಟಿಗೆ, ಸೋಯಾ ಹೊಟ್ಟು ಉರಿದರೆ ಶಾಖವೆಷ್ಟು, ಬೂದಿಯೆಷ್ಟು ಎಂದು ಅಳೆದು ಹೇಳಬೇಕಾದದ್ದು ಅಲ್ಲಿನ ವಿಜ್ಞಾನ. ಆ ವಿಜ್ಞಾನಿಗಳನ್ನು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಜೊತೆ ಕೂರಿಸಿ, ನಮ್ಮ ಕೊಟ್ಟಿಗೆಗಳಿಗೆ ಹೊಂದುವ ಗೋಬರ್ ಗ್ಯಾಸ್ ಘಟಕ ರೂಪಿಸುವಂತೆ ಒತ್ತಾಯಿಸುವುದು ಸಚಿವರ ಕೆಲಸ. ಆ ಕುರ್ಚಿಯಲ್ಲಿ ಯಾರೇ ಕೂತರೂ ನಾವು ಕೇಳಬೇಕಾದ ಲೆಕ್ಕ ಇದು.