ಹಳೆಯ ಕಾರಿನ ಟ್ಯಾಂಕೂ ಗೋವಿನಜೋಳದ ಹೊಲವೂ

ಅಸುಂಡಿಯಂಥ ಊರುಗಳಲ್ಲಿ ಹಳೆಯ ಕಾರು ಶ್ರೀಮಂತರ ಷೋಕಿಯ ವಸ್ತುವಲ್ಲ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅಂಥ ಕಾರನ್ನು, ಅದರ ಕಾಲದ ಸ್ಕೂಟರನ್ನು ತಿದ್ದಿ ತೀಡಿ ಗದಗದವರೆಗೆ ಓಡಿಸುವವರಿಗೆ ಹೊಸದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಇಂದು ಆ ಗಾಡಿಗಳ ಟ್ಯಾಂಕಿಗೆ ಬೀಳುತ್ತಿರುವ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥನಾಲ್. ಅವುಗಳನ್ನು ಕಟ್ಟಿದವರು ಇಂಥ ಇಂಧನವನ್ನು ಎಣಿಸಿರಲಿಲ್ಲ. ಹಸಿರು ಇಂಧನವೆಂಬ ಹೆಸರಿನಲ್ಲಿ ಬಂದ ಈ ಬದಲಾವಣೆಯ ಖರ್ಚನ್ನು ಯಾರು ಹೊರಬೇಕು?

2018ರ ಜೈವಿಕ ಇಂಧನ ನೀತಿಯು ಶೇ. 20ರ ಮಿಶ್ರಣಕ್ಕೆ 2030ರ ಗಡುವು ಇಟ್ಟಿತ್ತು. 2022ರಲ್ಲಿ ಆ ಗಡುವನ್ನು 2025-26ಕ್ಕೆ ಎಳೆದು ತರಲಾಯಿತು. ಗಡುವು ಓಡಿತು, ಗಾಡಿಗಳು ಮಾತ್ರ ಇದ್ದಲ್ಲಿಯೇ ಇದ್ದವು.

ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಡಿ ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೆ ನೀರು ಬೇರ್ಪಟ್ಟು ತಳಕ್ಕಿಳಿದು ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಸಬಲ್ಲದು. ಹಳೆಯ ರಬ್ಬರ್ ಪೈಪು, ಪಂಪಿನ ಪರದೆ, ಗ್ಯಾಸ್ಕೆಟ್ಟುಗಳು ಉಬ್ಬಿ ಮೆತ್ತಗಾಗುತ್ತವೆ ಅಥವಾ ಬಿರುಕು ಬಿಡುತ್ತವೆ. ಸತು ಮತ್ತು ಅಲ್ಯೂಮಿನಿಯಂ ಭಾಗಗಳು ಸವೆಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಅದು ಮೈಲೇಜಿನ ಮಾತಲ್ಲ, ಪ್ರಾಣದ ಮಾತು.

ಹೆದರಿಕೆ ಹುಟ್ಟಿಸುವವರ ಮಾತಿದು ಎಂದು ತಳ್ಳಿಹಾಕುವಂತಿಲ್ಲ. ನಾಲ್ಕು ಚಕ್ರದ ಹಳೆಯ ವಿನ್ಯಾಸದ ಗಾಡಿಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜು ಕುಗ್ಗಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಕೆಲವು ಹಳೆಯ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದೆಂದು 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೂ ಒಪ್ಪಿತು. ಅದು ಕಡಿಮೆ ಖರ್ಚಿನ ಕೆಲಸವೆಂದೂ ಸೇರಿಸಿತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂದು ಕೋರಿದ ಅರ್ಜಿಯನ್ನು ಅದೇ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಕಡಿಮೆ ಖರ್ಚಿನದೆಂಬ ಆ ಕೆಲಸವನ್ನು ಸರಿಯಾಗಿ ಮಾಡುವುದಾದರೆ ಹೇಗೆ? ಟ್ಯಾಂಕನ್ನು ಇಳಿಸಿ, ಬರಿದುಮಾಡಿ, ತುಕ್ಕು ತೆಗೆಯಬೇಕು. ಪೆಟ್ರೋಲ್ ಆವಿ ಪೂರ್ತಿ ಹೋಗದ ಟ್ಯಾಂಕಿಗೆ ಬೆಸುಗೆಯ ಬೆಂಕಿ ತಾಗಿಸಲೇಬಾರದು. ಒಳಮೈಗೆ ಲೇಪನ ಕೊಡುವುದಾದರೆ ಅದು ಎಥನಾಲ್ ತಾಳುವಂಥದೇ ಆಗಿರಬೇಕು. ತುಕ್ಕು ತಿಂದ ಲೋಹದ ಪೈಪುಗಳನ್ನು ಬದಲಿಸಬೇಕು. ಮೆತು ಪೈಪುಗಳಿಗೆ ಸಿಕ್ಕಿದ ರಬ್ಬರ್ ಸಲ್ಲದು; ಫ್ಲೋರೋ ರಬ್ಬರಿನ ಒಳಪದರವುಳ್ಳ, ಎಸ್‌ಎಇ ಜೆ30 ಆರ್9 ಎಂಬ ಗುರುತಿನ ಪೈಪು ಬೇಕು. ಪಂಪಿನ ಪರದೆ, ಕಾರ್ಬ್ಯುರೇಟರಿನ ಸೀಲುಗಳೂ ಹೊಸವಾಗಬೇಕು. ಎಥನಾಲ್ ಹಳೆಯ ಕೆಸರನ್ನು ಕದಡುವುದರಿಂದ ಫಿಲ್ಟರನ್ನು ಬೇಗನೆ ಮತ್ತೊಮ್ಮೆ ಬದಲಿಸಬೇಕು. ಹಳ್ಳಿಯ ಮಿಸ್ತ್ರಿಗೆ ಈ ಕೈಚಳಕ ಉಂಟು. ಗುರುತಿನ ಪೈಪು ಅವನ ಅಂಗಡಿಗೆ ಬರುವುದೇ ಎಂಬುದು ಪ್ರಶ್ನೆ. ಈ ಕೂಲಿ, ಈ ಸಾಮಾನಿನ ಬೆಲೆ, ಕೆಲಸ ನಿಂತ ದಿನಗಳ ನಷ್ಟ, ಇವು ಯಾವ ಹಸಿರು ಲೆಕ್ಕದಲ್ಲಿಯೂ ಇಲ್ಲ.

ರೈತನಿಗೆ ಲಾಭವಾಗುತ್ತದೆಯಲ್ಲ ಎಂಬುದು ಸಿದ್ಧ ಉತ್ತರ. ಲಕ್ಷ್ಮೇಶ್ವರವನ್ನು ನೋಡಿದವರು ಅದನ್ನು ನಂಬುವುದು ಕಷ್ಟ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆದರೆ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ಖರೀದಿ ಕೇಂದ್ರ ತೆರೆಯಿರೆಂದು 2025ರ ನವೆಂಬರ್‌ನಲ್ಲಿ ರೈತರು ಅಲ್ಲಿ ಧರಣಿ ಕುಳಿತರು. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಇಳಿಯುತ್ತದೆ. ಬೆಳೆದವನಿಗೆ ಬೆಲೆಯಿಲ್ಲ, ಅದೇ ಬೆಳೆಯ ಇಂಧನ ತುಂಬಿಸಿದವನ ಗಾಡಿಗೆ ಆಯುಷ್ಯವಿಲ್ಲ. ಇಬ್ಬರೂ ಒಂದೇ ಮನೆಯವರಾಗಿರುವುದೂ ಉಂಟು. ಕಬ್ಬಿನ ಕಥೆ ಇನ್ನೂ ಕಠಿಣ: ಕಬ್ಬಿನಿಂದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂಬ ಅಂದಾಜು ನೀತಿ ಆಯೋಗದ ಅದೇ ವರದಿಯಲ್ಲಿದೆ. ಮಳೆಯನ್ನೇ ನಂಬಿದ ಕಪ್ಪತಗುಡ್ಡದ ಸೀಮೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎರೆಹೊಲದಲ್ಲಿ ಕಡಲೆ, ಹೆಸರು ಬಿಟ್ಟು ವರ್ಷವರ್ಷವೂ ಗೋವಿನಜೋಳವನ್ನೇ ಬಿತ್ತಿದರೆ ಮಣ್ಣಿನ ಸಾರಜನಕ ಬರಿದಾಗುತ್ತದೆ.

ಎಥನಾಲಿನಿಂದ ಕಾರ್ಬನ್ ಮಾನಾಕ್ಸೈಡ್ ತಗ್ಗುತ್ತದೆ, ತೈಲದ ಆಮದು ಇಳಿಯುತ್ತದೆ ಎಂಬುದು ನಿಜ. ಹಳೆಯ ಗಾಡಿಯ ಹೊಗೆ ಹೊಸದರ ಹೊಗೆಗಿಂತ ಕೆಟ್ಟದ್ದೆಂಬುದೂ ನಿಜ. ಆದರೆ ದುರಸ್ತಿಯಿಂದ ಇನ್ನಷ್ಟು ಕಾಲ ಓಡಬಲ್ಲ ಗಾಡಿಯನ್ನು ಗುಜರಿಗೆ ದೂಡಿದರೆ, ಹೊಸ ಗಾಡಿಯ ಉಕ್ಕಿಗಾಗಿ ಇನ್ನೆಲ್ಲಿಯೋ ಒಂದು ಗುಡ್ಡವನ್ನು ಅಗೆಯಬೇಕಾಗುತ್ತದೆ. ಗಣಿಯ ಭೀತಿಯನ್ನು ಕಂಡುಂಡು, 2019ರಲ್ಲಿ ತನ್ನ ಗುಡ್ಡಕ್ಕೆ ವನ್ಯಧಾಮದ ರಕ್ಷಣೆ ಪಡೆದ ಜನತೆ ಇದನ್ನು ಮರೆಯಲಾಗದು.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಪ್ರತಿ ಬಂಕಿನಲ್ಲಿಯೂ ಎಥನಾಲಿನ ಪ್ರಮಾಣವನ್ನು ಕನ್ನಡದಲ್ಲಿ ಬರೆಯಬೇಕು. ಹಳೆಯ ಗಾಡಿಗಳಿಗಾಗಿ ಕಡಿಮೆ ಎಥನಾಲಿನ ಪೆಟ್ರೋಲು ಸಾಮಾನ್ಯ ದರದಲ್ಲಿಯೇ ದೊರೆಯಬೇಕು. ಯಾವ ಮಾದರಿಗೆ ಯಾವ ಭಾಗ ಬದಲಿಸಬೇಕೆಂಬ ಪಟ್ಟಿಯನ್ನು ತಯಾರಕರು ಪ್ರಕಟಿಸಬೇಕು. ಆ ಖರ್ಚಿಗೆ ನೀತಿ ರೂಪಿಸಿದವರು ಸಹಾಯಧನ ನೀಡಬೇಕು. ಗೋವಿನಜೋಳ ಬೆಂಬಲ ಬೆಲೆಗೇ ಮಾರಾಟವಾಗಬೇಕು. ಅಲ್ಲಿಯವರೆಗೆ ಊರಿನ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು: ತಮ್ಮ ಓಣಿಯ ಹಳೆಯ ಪೆಟ್ರೋಲ್ ಗಾಡಿಗಳ ಪೈಪುಗಳನ್ನು ಮಿಸ್ತ್ರಿಯೊಡನೆ ಪರೀಕ್ಷಿಸಿ, ಕೆಟ್ಟವುಗಳ ಲೆಕ್ಕವನ್ನೂ ಖರ್ಚನ್ನೂ ಬರೆದು ಗ್ರಾಮಸಭೆಯ ಮುಂದೆ ಇಡಲಿ. ಸರಕಾರದ ಕಡತದಲ್ಲಿಲ್ಲದ ಲೆಕ್ಕವನ್ನು ಊರೇ ಬರೆಯಬೇಕಾಗಿದೆ.